ಗಡ್ಡ ಅಳೆದರೆ ಸಿಗುವ ಉತ್ತರವಲ್ಲ

● ಲಂಡನ್, ಬರ್ಲಿನ್‌ಗಳಲ್ಲಿ ಹುಟ್ಟಿ ಬೆಳೆದ ಹುಡುಗರು ಸಿರಿಯಾದ ಜಿಹಾದಿ ಗುಂಪು ಸೇರಿದ್ದು ಧರ್ಮಗ್ರಂಥ ಅತಿಯಾಗಿ ಓದಿದ್ದರಿಂದ ಅಲ್ಲವೇ?

ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. 2013ರಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಸಿರಿಯಾಕ್ಕೆ ಹೋದ ಇಬ್ಬರು ಯುವಕರು ಹೊರಡುವ ಮುಂಚೆ ಆನ್‌ಲೈನಲ್ಲಿ ತರಿಸಿಕೊಂಡದ್ದು ಇಸ್ಲಾಮಿನ ಅ ಆ ಇ ಈ ಕಲಿಸುವ ಪುಸ್ತಕ. ಬರ್ಲಿನ್ನಿನ ಡೆನಿಸ್ ಕುಸ್ಪೆರ್ಟ್ 'ಡೆಸೊ ಡಾಗ್' ಎಂಬ ಹೆಸರಲ್ಲಿ ಗ್ಯಾಂಗ್‌ಸ್ಟರ್ ರ‍್ಯಾಪ್ ಹಾಡುತ್ತಿದ್ದ. ರ‍್ಯಾಪ್ ಬಿಟ್ಟು ಜರ್ಮನ್ ಭಾಷೆಯಲ್ಲಿ ನಶೀದ್, ಅಂದರೆ ಇಸ್ಲಾಮಿ ಭಕ್ತಿಗೀತೆ, ಶುರುಮಾಡಿದ, ಕೊನೆಗೆ ಐಸಿಸ್ ವಿಡಿಯೊಗಳಲ್ಲಿ ಕಾಣಿಸಿಕೊಂಡ. ಹಾಡು ಬದಲಾಯಿತು, ಗತ್ತು ಅದೇ.

ಬ್ರಿಟನ್ನಿನಿಂದ ಹೋದವರು ಹರಿಬಿಟ್ಟ ಒಂದು ಪೋಸ್ಟರ್ ನೋಡಿ: ಬಂದೂಕು ಹಿಡಿದ ಯುವಕ, ಪಕ್ಕದಲ್ಲಿ 'ಎಂಥ ಕೆಟ್ಟ ಹಿನ್ನೆಲೆಯವನಿಗೂ ಒಳ್ಳೆಯ ನಾಳೆ ಉಂಟು' ಎಂಬರ್ಥದ ಇಂಗ್ಲಿಷ್ ಸಾಲು. ಇನ್ನೊಂದರಲ್ಲಿ 'ಕಾಲ್ ಆಫ್ ಡ್ಯೂಟಿ' ವಿಡಿಯೊ ಗೇಮಿನ ಹೆಸರನ್ನೇ ಎತ್ತಿಕೊಂಡು, ಸತ್ತರೆ ಸ್ವರ್ಗದಲ್ಲಿ ಮತ್ತೆ ಎದ್ದು ಬರುತ್ತೇವೆ ಎಂಬ ಬಡಾಯಿ. ಇದರಲ್ಲಿ ಧರ್ಮಶಾಸ್ತ್ರ ಎಷ್ಟಿದೆ, ನೀವೇ ಹೇಳಿ. ಕಳ್ಳತನ, ಡ್ರಗ್ಸ್, ಜೈಲು ಎಂದು ಅಲೆದವನಿಗೆ ಹಳೆಯ ಪುಂಡಾಟವನ್ನೇ ಪುಣ್ಯ ಮಾಡಿಕೊಡುವ ಚಿತ್ರ ಇದು. ಅಪ್ಪ ಅಮ್ಮನ ಊರು ಪರಕೀಯ, ಹುಟ್ಟಿದ ಊರು ತನ್ನದೆನಿಸುವುದಿಲ್ಲ ಎನ್ನುವವನಿಗೆ ಒಂದು ಪಟಾಲಂ, ಅದಕ್ಕೊಂದು ವೇಷ, 'ದೇವರೊಬ್ಬನೇ' ಎಂದು ಮೇಲೆತ್ತಿದ ತೋರುಬೆರಳು, ತಮ್ಮವರಿಗಷ್ಟೇ ಅರ್ಥವಾಗುವ ಜೋಕು.

ಧರ್ಮಕ್ಕೆ ಪಾತ್ರವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅಲ್ ಖೈದಾದ ಪ್ರಚಾರಕ ಅನ್ವರ್ ಅಲ್ ಅವ್ಲಾಕಿಯ ಪ್ರವಚನಗಳನ್ನು ಇಂಥವರು ಅವನು 2011ರಲ್ಲಿ ಸತ್ತ ಮೇಲೂ ಕೇಳಿದರು. ಆದರೆ ನ್ಯೂ ಮೆಕ್ಸಿಕೊದಲ್ಲಿ ಹುಟ್ಟಿದ ಅವನ ಬಂಡವಾಳವೂ ಅರಬ್ಬಿ ಪಾಂಡಿತ್ಯಕ್ಕಿಂತ ಹೆಚ್ಚಾಗಿ ಆ ಹುಡುಗರದೇ ಇಂಗ್ಲಿಷ್.

ಇದಾವುದನ್ನೂ ನೋಡದೆ 'ಉಗ್ರನನ್ನು ಗುರುತಿಸುವ ಹತ್ತು ಲಕ್ಷಣ' ಎಂದು ಸ್ಲೈಡ್ ಹಿಡಿದು ಶಾಲೆ ಶಾಲೆ ತಿರುಗುವ ಸ್ವಯಂಘೋಷಿತರಿದ್ದಾರೆ. ಗಡ್ಡ ಅಳೆಯುವ ದರ್ಜಿಗಳು! ಅವರಿಗೆ ದುಡ್ಡು ಕೊಡಬೇಡಿ.

● ಅದು ಪಶ್ಚಿಮದವರ ಪಾಡು, ನಮಗೇನು?

ಅವರಲ್ಲಿ ಹಲವರು ಓದುತ್ತಿದ್ದ 'ಶಮಿ ವಿಟ್ನೆಸ್' ಎಂಬ ಐಸಿಸ್ ಪರ ಇಂಗ್ಲಿಷ್ ಟ್ವಿಟರ್ ಖಾತೆ ನಡೆಯುತ್ತಿದ್ದದ್ದು ಬೆಂಗಳೂರಿನಿಂದ. 2014ರ ಡಿಸೆಂಬರ್‌ನಲ್ಲಿ ಅದನ್ನು ನಡೆಸುತ್ತಿದ್ದವನ ಬಂಧನವಾಯಿತು.

● ಪಕ್ಕದ ಮನೆಯವರ ಬೈಕಿನ ಮೇಲೆ ಅರಬ್ಬಿ ಬರಹದ ಕಪ್ಪು ಸ್ಟಿಕ್ಕರ್ ಇದೆ. ಪೊಲೀಸರಿಗೆ ತಿಳಿಸಲೇ?

ಅದು ಕಲಿಮಾ, ಅಂದರೆ ಮುಸ್ಲಿಮರ ನಂಬಿಕೆಯ ಮೂಲವಾಕ್ಯ, ಇರಬಹುದು. ಸೌದಿಯ ರಾಷ್ಟ್ರಧ್ವಜದ ಮೇಲೂ ಅದೇ ಇದೆ. ಸುಮ್ಮನಿರಿ.

● ಅಧ್ಯಯನಕ್ಕೆ ಆ ಐಸಿಸ್ ವಿಡಿಯೊಗಳ ಲಿಂಕ್ ಕಳಿಸುವಿರಾ?

ಇಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ 'ನೋಡಿ ಎಷ್ಟು ಭೀಕರ' ಎಂದು ನೀವು ಹಂಚಿದ್ದನ್ನೂ ಅಳಿಸಿ.