ಆಮೆ ಮರಿನ ಕೈಯಲ್ಲಿ ಹಿಡಿದು ಸಮುದ್ರಕ್ಕೆ ಬಿಡಬಹುದಾ ಸರ್?

ತೊಗರಿ ರಾಶಿ ಮುಗಿದು ಕೈಗೆ ನಾಲ್ಕು ಕಾಸು ಬಂತು ಅಂದರೆ ನಮ್ಮ ಕಡೆಯವರಿಗೆ ಸಮುದ್ರ ನೆನಪಾಗುತ್ತದೆ. ಗಾಡಿ ಮಾಡಿಕೊಂಡು ಕಾರವಾರ, ಗೋಕರ್ಣ, ಮುರುಡೇಶ್ವರ. ಹೊರಡುವ ಮುಂಚೆ ನನಗೊಂದು ಪ್ರಶ್ನೆ. ನಾನು ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವನು. ಸಿಕ್ಕ ರಜೆಯನ್ನೆಲ್ಲ ಹೊನ್ನಾವರದ ಕಡೆ ಕಡಲಾಮೆ ಗೂಡು ಕಾಯುತ್ತಾ ಕಳೆದವನು. ಹಾಗಾಗಿ ನನ್ನನ್ನು ಕೇಳುವುದು ತಪ್ಪಲ್ಲ. ಆದರೆ ಪ್ರತಿ ವರ್ಷ ಅದದೇ ಪ್ರಶ್ನೆ ಬಂದರೆ ಯಾರಿಗಾದರೂ ತಲೆ ಬಿಸಿಯಾಗುತ್ತದೆ, ಅಲ್ವಾ?

"ಫೆಬ್ರವರಿ ಕೊನೆಗೆ ಮನೆಯವರು ಹನ್ನೊಂದು ಜನ ಹೊನ್ನಾವರಕ್ಕೆ ಹೊರಟಿದ್ದೇವೆ. ಮಕ್ಕಳ ಕೈಯಿಂದ ಆಮೆ ಮರಿಗಳನ್ನು ಸಮುದ್ರಕ್ಕೆ ಬಿಡಿಸುವ ಆಸೆ. ಪುಣ್ಯ ಬರುತ್ತದಂತೆ. ಎಲ್ಲಿ ಸಿಗುತ್ತವೆ, ಎಷ್ಟು ದುಡ್ಡು ತಗೋತಾರೆ?" (ಸೇಡಂನಿಂದ ಒಬ್ಬರು)

ದುಡ್ಡು ಕೇಳಿದವನ ಹತ್ತಿರ ಸುಳಿಯಲೇಬೇಡಿ. ಬಕೆಟ್ಟಿನಲ್ಲಿ ಮರಿ ಇಟ್ಟುಕೊಂಡು "ಬನ್ನಿ ಫೋಟೋ ತೆಗೀರಿ" ಅನ್ನುವವನು ಆಮೆ ಕಾಯುವವನಲ್ಲ.

ಮರಿ ಮೊಟ್ಟೆ ಒಡೆದು ಬರುವಾಗ ಹೊಟ್ಟೆಯಲ್ಲಿ ಸ್ವಲ್ಪ ಹಳದಿ ಭಾಗ ಉಳಿದಿರುತ್ತದೆ. ಅದೇ ಅದರ ಬುತ್ತಿ. ಆ ಬುತ್ತಿಯ ಬಲದ ಮೇಲೆ ಮರಳು ದಾಟಿ, ಅಲೆ ದಾಟಿ, ಮೊದಲ ಒಂದು ದಿನ ನಿಲ್ಲದೆ ಈಜಿ ದಂಡೆಯಿಂದ ದೂರ ಹೋಗಬೇಕು. ದಂಡೆ ಹತ್ತಿರದ ನೀರಲ್ಲೇ ತಿನ್ನುವವರು ಜಾಸ್ತಿ. ನೀವು ರಾತ್ರಿ ಹುಟ್ಟಿದ ಮರಿಯನ್ನು ಬೆಳಗಿನ ತಿಂಡಿ ಆಗುವ ತನಕ ಬಕೆಟ್ಟಿನಲ್ಲಿಟ್ಟರೆ ಅದು ಆ ಬಕೆಟ್ಟಿನ ಗೋಡೆಗೇ ಈಜಿ ಈಜಿ ಬುತ್ತಿಯೆಲ್ಲ ಖಾಲಿ ಮಾಡಿಕೊಳ್ಳುತ್ತದೆ, ಆಮೇಲೆ ನೀವು ಹಗಲು ಬೆಳಕಲ್ಲಿ ಕಾಗೆ, ಹದ್ದು, ಮೀನಿನ ಬಾಯಿಗೆ ಅದನ್ನು ಬಿಟ್ಟು ಚಪ್ಪಾಳೆ ಹೊಡೆಯುತ್ತೀರಿ. ಯಾವ ಪುಣ್ಯ ರೀ ಇದು?

ಅವು ಸಾಮಾನ್ಯವಾಗಿ ರಾತ್ರಿ, ಮರಳು ತಣ್ಣಗಾದ ಮೇಲೆ ಹೊರಗೆ ಬರುತ್ತವೆ. ಎಲ್ಲಿ ಹೆಚ್ಚು ಬೆಳಕಿದೆಯೋ ಅತ್ತ ನಡೆಯುತ್ತವೆ. ಕತ್ತಲ ದಂಡೆಯಲ್ಲಿ ಹೆಚ್ಚು ಬೆಳಕಿರುವುದು ಸಮುದ್ರದ ಕಡೆ, ಆಕಾಶ ನೀರಿಗೆ ತಾಗುವಲ್ಲಿ. ಈಗ ರೆಸಾರ್ಟಿನ ದೀಪ, ಕ್ಯಾಂಪ್ ಫೈರು, ಹನ್ನೊಂದು ಜನರ ಹನ್ನೊಂದು ಮೊಬೈಲ್ ಟಾರ್ಚು. ಮರಿ ತಿರುಗಿ ಊರ ಕಡೆ ಹೊರಡುತ್ತದೆ. ಒಂದು ಸಲ ನಮ್ಮ ಜಿಲ್ಲೆಯದೇ ಒಂದು ಕುಟುಂಬ, ಹೆಸರು ಬೇಡ, ಮಕ್ಕಳಿಗೆ ತೋರಿಸಲು ಅಂತ ಟಾರ್ಚ್ ಹಿಡಿದೇ ನಿಂತಿತ್ತು. ಮರಿಗಳು ಅವರ ಚಪ್ಪಲಿ ಕಡೆಗೇ ಬಂದವು. "ನೋಡ್ರಿ ಸರ್, ನಮ್ಮ ಮಕ್ಕಳನ್ನ ಕಂಡರೆ ಎಷ್ಟು ಪ್ರೀತಿ" ಅಂದರು ಆ ತಾಯಿ. ನಾನು ಆ ರಾತ್ರಿ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಹಾಗಾದರೆ ನೋಡಲೇಬಾರದಾ? ನೋಡಿ. ನಮ್ಮ ಕರಾವಳಿಗೆ ಮೊಟ್ಟೆ ಇಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲಿ ಎಂಬ ಜಾತಿ. ಡಿಸೆಂಬರಿನಿಂದ ಮಾರ್ಚ್ ತನಕ ಮೊಟ್ಟೆಯ ಕಾಲ. ಮರಿ ಆಗಲು ಸುಮಾರು 45ರಿಂದ 60 ದಿನ ಬೇಕು, ಆದ್ದರಿಂದ ಫೆಬ್ರವರಿ ಕೊನೆ ಒಳ್ಳೆ ಹೊತ್ತೇ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಕಾರವಾರದ ಕಡೆ ದೇವಬಾಗ, ಮಾಜಾಳಿಯಲ್ಲಿ ಗೂಡು ಆಗುತ್ತವೆ. ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಹಾಕಿ ಕಾಯುತ್ತಾರೆ. ಹೋದ ದಿನವೇ ಅವರ ಕಚೇರಿಯಲ್ಲಿ ವಿಚಾರಿಸಿ. ಮರಿ ಬರುವ ಹಾಗಿದ್ದು, ಅವರು ಒಪ್ಪಿದರೆ, ಅವರು ನಿಲ್ಲಿಸಿದ ಕಡೆ ನಿಂತು ನೋಡಿ. ಇಂಥ ದಿನ ಇಷ್ಟು ಗಂಟೆಗೆ ಅಂತ ಯಾರೂ ಹೇಳಲಾರರು. ಇಡೀ ರಾತ್ರಿ ಗಾಡಿಯಲ್ಲಿ ಕುಳಿತು, ಅರಬೈಲ್ ಘಾಟಿ ಇಳಿದು ಬಂದಿದ್ದೇವೆ ಅನ್ನುವ ಲೆಕ್ಕ ಆಮೆಗೆ ಗೊತ್ತಾಗುವುದಿಲ್ಲ. ಬೆಳಕು ಬೇಕೇ ಬೇಕು ಅಂದರೆ ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಸುತ್ತಿ ನೆಲಕ್ಕೆ ಹಿಡಿಯಿರಿ. ಫ್ಲಾಶ್ ಬೇಡ.

ತಾಯಿ ಆಮೆ ಸಿಕ್ಕರೆ ಇನ್ನೂ ದೂರ ನಿಲ್ಲಿ. ನೀರಿನಿಂದ ಮೇಲೆ ಹತ್ತುವಾಗ ಒಂದು ಬೆಳಕು, ಒಂದು ಓಡಾಟ ಕಂಡರೂ ಮೊಟ್ಟೆ ಇಡದೆ ತಿರುಗಿ ಹೋಗಿಬಿಡುತ್ತದೆ. ಗುಂಡಿ ತೋಡಿ ನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟು, ಮುಚ್ಚಿ, ಸುಮಾರು ಒಂದು ಗಂಟೆಯಲ್ಲಿ ಹೊರಟುಬಿಡುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ. ಬೆಳಗ್ಗೆ ಮರಳಲ್ಲಿ ಟ್ರ್ಯಾಕ್ಟರ್ ಟೈರ್ ಹೋದ ಹಾಗೆ ಗುರುತು ಕಂಡರೆ ಅದೇ. ಕೆದಕಬೇಡಿ, ಇಲಾಖೆಗೆ ತಿಳಿಸಿ. ಇಟ್ಟ ಕೆಲವೇ ಗಂಟೆಯಲ್ಲಿ ಒಳಗಿನ ಪಿಂಡ ಮೊಟ್ಟೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ನೀವು ಎತ್ತಿ ಹೊರಳಿಸಿ ನೋಡಿ "ಅಯ್ಯೋ, ಟೇಬಲ್ ಟೆನ್ನಿಸ್ ಚೆಂಡಿನ ಹಾಗಿದೆ" ಅಂತ ವಾಪಸ್ ಇಟ್ಟರೆ ಅದು ಸತ್ತಂತೆಯೇ. ಇಲಾಖೆಯವರು ಗೂಡು ಬದಲಿಸುವಾಗಲೂ ಬೇಗ, ಮೊಟ್ಟೆ ಹೊರಳಿಸದೆ ಬದಲಿಸುತ್ತಾರೆ. ಮರಳಿನ ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಹೆಚ್ಚು ಬಿಸಿಯಾದರೆ ಹೆಣ್ಣು, ಕಡಿಮೆಯಾದರೆ ಗಂಡು, ನಮ್ಮ ಏಪ್ರಿಲ್ಲಿನಂತೆ ಕಾದರೆ ಯಾವುದೂ ಇಲ್ಲ.

ನಿಜವಾಗಿ ಪುಣ್ಯ ಬೇಕಾ? ಮಕ್ಕಳು ಹಗಲು ಮರಳಲ್ಲಿ ತೋಡಿದ ಗುಂಡಿಗಳನ್ನು ಸಂಜೆ ಅವರ ಕೈಯಿಂದಲೇ ಮುಚ್ಚಿಸಿ. ರಾತ್ರಿ ಮರಿ ಅದರಲ್ಲಿ ಬಿದ್ದರೆ ಮೇಲೆ ಹತ್ತುವುದಿಲ್ಲ. ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ, ಪಲ್ಯ ಉಳಿದರೆ ದಂಡೆಯಲ್ಲಿ ಚೆಲ್ಲಬೇಡಿ, ನಾಯಿಗೆ ಬಿಸ್ಕತ್ತು ಹಾಕಬೇಡಿ. ನಾಯಿ ಅಲ್ಲೇ ಉಳಿಯುತ್ತದೆ, ಮೂಸಿ ಮೂಸಿ ಗೂಡು ಬಗೆಯುತ್ತದೆ. ಗಾಡಿಯನ್ನು ಮರಳಿಗೆ ಇಳಿಸಬೇಡಿ.

"ರೀಲ್ಸಿನಲ್ಲಿ ಸಾವಿರಾರು ಆಮೆ ಒಟ್ಟಿಗೆ ಬರುತ್ತವಲ್ಲ, ಅದು ನಮ್ಮಲ್ಲಿ ಯಾವ ದಿನ?" (ಶಹಾಪುರ)

ಅದು ಒಡಿಶಾ. ಗಹಿರ್ಮಾಥಾ, ಋಷಿಕುಲ್ಯಾ. ನಮ್ಮಲ್ಲಿ ಒಂದೊಂದೇ ಬರುತ್ತವೆ.

"ಮೊಟ್ಟೆ ಇಡುವಾಗ ಆಮೆ ಅಳುತ್ತದಂತೆ, ನಿಜವೇ?" (ಬೀದರ್)

ಅದು ಮೈಯೊಳಗಿನ ಹೆಚ್ಚಿನ ಉಪ್ಪನ್ನು ಕಣ್ಣಿನ ಹತ್ತಿರದ ಗ್ರಂಥಿಯಿಂದ ಹೊರಗೆ ಹಾಕುವುದು, ಅಳು ಅಲ್ಲ.

"ಎರಡು ಮರಿ ತಂದು ನಮ್ಮೂರ ಕೆರೆಗೆ ಬಿಟ್ಟರೆ ಬದುಕುತ್ತವಾ?" (ಹುಮನಾಬಾದ್)

ಇಲ್ಲ. ತಂದರೆ ನೀವು ಜೈಲಲ್ಲಿ.

"ಕಡಲಾಮೆ ಮೊಟ್ಟೆ ತಿಂದರೆ ಶಕ್ತಿ ಬರುತ್ತದೆ ಅಂತ ಒಬ್ಬ ವೈದ್ಯ ಹೇಳಿದ. ಇಪ್ಪತ್ತು ಉಗುರಿನ ಆಮೆ ಇದ್ದರೆ ನಿಧಿ ಸಿಗುತ್ತದಂತೆ." (ಆಳಂದ)

ಅವನನ್ನು ವೈದ್ಯ ಅನ್ನಬೇಡಿ. ಕೋಳಿ ಮೊಟ್ಟೆಯಲ್ಲಿ ಇಲ್ಲದ ಯಾವ ಶಕ್ತಿಯೂ ಅದರಲ್ಲಿಲ್ಲ. ಇನ್ನು ಉಗುರು. ಹೊಲದಲ್ಲಿ ಸಿಗುವ ನಕ್ಷತ್ರ ಆಮೆಗೆ ಮುಂದೆ ಐದೈದು, ಹಿಂದೆ ನಾಲ್ಕು ನಾಲ್ಕು, ಒಟ್ಟು 18. ಕಡಲಾಮೆಗಂತೂ ಕಾಲಿನ ಬದಲು ದೋಣಿಯ ಹುಟ್ಟಿನಂಥ ಈಜುಗಾಲು, ಒಂದೊಂದಕ್ಕೆ ಒಂದೆರಡು ಉಗುರು ಅಷ್ಟೇ. ಈ ಇಪ್ಪತ್ತರ ಕಥೆ ನಂಬಿ ಹಾಳು ಕೋಟೆಗಳಲ್ಲಿ ರಾತ್ರಿ ಗುಂಡಿ ತೋಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ನಿಧಿ ಸಿಗುವುದು ಆಮೆ ಮಾರಿದವನಿಗೆ ಮಾತ್ರ. ಕಡಲಾಮೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ.

"ದಂಡೆಯಲ್ಲಿ ದೊಡ್ಡ ಆಮೆ ಬಿದ್ದಿತ್ತು, ಉಸಿರು ಇತ್ತು. ಎಲ್ಲರೂ ಸೇರಿ ನೀರಿಗೆ ತಳ್ಳಿದೆವು. ಸರಿ ಮಾಡಿದೆವಾ?" (ಯಾದಗಿರಿ)

ಮನಸ್ಸು ಒಳ್ಳೆಯದು, ಕೆಲಸ ತಪ್ಪು. ಆಮೆಗೂ ನಮ್ಮ ಹಾಗೆ ಗಾಳಿ ಬೇಕು. ಮೀನಿನ ಬಲೆಗೆ ಸಿಕ್ಕಿ ಮೇಲೆ ಬರಲಾಗದೆ ನೀರು ಕುಡಿದು ಸುಸ್ತಾದ ಆಮೆ ದಂಡೆಗೆ ಬೀಳುತ್ತದೆ. ಅದನ್ನು ಮತ್ತೆ ನೀರಿಗೆ ತಳ್ಳಿದರೆ ಮುಳುಗಿ ಸಾಯುತ್ತದೆ. ಬಾಯಿಗೆ ನೀರು ಹಾಕಬೇಡಿ, ಮೇಲೆ ಕೂರಬೇಡಿ, ಈಜುಗಾಲು ಹಿಡಿದು ಎಳೆಯಬೇಡಿ. ಬಿಸಿಲಿದ್ದರೆ ಒದ್ದೆ ಬಟ್ಟೆಯನ್ನು ಬೆನ್ನಿನ ಮೇಲೆ ಹಾಕಿ, ಮೂಗು ಮುಚ್ಚದ ಹಾಗೆ. ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಇಲ್ಲ ಹತ್ತಿರದ ಮೀನುಗಾರರಿಗೆ ಹೇಳಿ, ಅವರಿಗೆ ಯಾರನ್ನು ಕರೆಯಬೇಕು ಅಂತ ಗೊತ್ತಿರುತ್ತದೆ. ಇಲಾಖೆಯವರು ಬರುವ ತನಕ ನಾಯಿ ಹತ್ತಿರ ಬಾರದ ಹಾಗೆ ನಿಂತಿರಿ, ಆಮೆಯಿಂದ ನಾಲ್ಕು ಹೆಜ್ಜೆ ಆಚೆ.