ಎಚ್‌ಆರ್ ‘ಕ್ಯಾಶುವಲ್ಸ್ ಓಕೆ’ ಅಂದ್ರೆ ಏನು ಹಾಕ್ಕೊಂಡು ಹೋಗಲಿ?

ದಾವಣಗೆರೆಯಿಂದ ಬಂದ ಪತ್ರ ಇದು. ಹೆಸರು ಹಾಕಬೇಡಿ ಎಂದಿದ್ದಾರೆ.

‘ಬಿಇ ಮುಗಿಸಿ ಒಂದು ವರ್ಷ ಆಯಿತು. ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿರುವ ಒಂದು ಸಣ್ಣ ಸ್ಟಾರ್ಟಪ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಎಚ್‌ಆರ್ ವಾಟ್ಸಾಪ್‌ನಲ್ಲಿ ‘ಕ್ಯಾಶುವಲ್ಸ್ ಓಕೆ’ ಅಂತ ಕಳಿಸಿದ್ದಾರೆ. ಮಾವ ಕಾಲೇಜಿನಲ್ಲಿ ಪ್ಲೇಸ್‌ಮೆಂಟಿಗೆ ಅಂತ ಹೊಲಿಸಿದ ಬ್ಲೇಜರ್ ಹಾಕ್ಕೋ ಅಂತಾರೆ. ಬಿಟಿಎಂನಲ್ಲಿ ಪಿಜಿಯಲ್ಲಿರುವ ಗೆಳತಿ, ಅದನ್ನ ಹಾಕಿದ್ರೆ ನಗ್ತಾರೆ, ಜೀನ್ಸು ಟೀಶರ್ಟು ಸಾಕು ಅಂತಾಳೆ. ಅಮ್ಮ ಹೊಸ ಚೂಡಿದಾರ್ ಕೊಡಿಸೋಕೆ ನಿಂತಿದ್ದಾರೆ, ಜೊತೆಗೆ ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಅಂತ ಬೇರೆ. ನನಗೆ ಒಗ್ಗೋದು ಕುರ್ತಾ. ಆದ್ರೆ ಅದರಲ್ಲಿ ಹೋದ್ರೆ ಊರಿಂದ ಬಂದವಳು ಅಂತ ಗೊತ್ತಾಗಿಬಿಡುತ್ತಾ? ಅಲ್ಲಿ ಹೋಗಿ ನೋಡಿದಾಗ ಎಲ್ಲರೂ ಬೇರೆ ತರ ಇದ್ರೆ?’

ಸಂಪಾದಕರ ಉತ್ತರ:

ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಮಾತು. ಕುರ್ತಾನೇ ಹಾಕಿಕೊಳ್ಳಿ. ಒಂದೇ ಬಣ್ಣದ್ದೋ ಸಣ್ಣ ಪ್ರಿಂಟಿನದೋ ಹತ್ತಿ ಕುರ್ತಾ, ಮೊಣಕಾಲಿನ ತನಕ ಬರುವಂಥದ್ದು. ಕೆಳಗೆ ಗಾಢ ನೀಲಿ ಜೀನ್ಸ್, ಇಲ್ಲವೇ ನೇರ ಕಟ್ಟಿನ ಪ್ಯಾಂಟ್. ಕಾಲಿಗೆ ಹೀಲ್ಸ್ ಇಲ್ಲದ, ಮುಂದೆ ಮುಚ್ಚಿದ ಷೂ. ದುಪಟ್ಟಾ ದಿನಾ ಹಾಕುವ ರೂಢಿ ಇದ್ದರೆ ಇರಲಿ, ಇಲ್ಲದಿದ್ದರೆ ಸುಮ್ನೆ ಯಾಕೆ. ಬ್ಲೇಜರ್ ಬೀರುವಿನಲ್ಲೇ ಇರಲಿ.

ನಿಮಗೆ ಗೊಂದಲ ಆಗಿದ್ದರಲ್ಲಿ ಆಶ್ಚರ್ಯ ಇಲ್ಲ. ಫಾರ್ಮಲ್ಸ್ ಕಡ್ಡಾಯ ಅಂತಿದ್ದ ಕಾಲದಲ್ಲಿ ಒಂದು ಸುಖ ಇತ್ತು. ತಿಳಿ ಬಣ್ಣದ ಶರ್ಟು, ಕಪ್ಪು ಪ್ಯಾಂಟು, ಪಾಲಿಶ್ ಹಾಕಿದ ಬೂಟು. ರಾಯಚೂರಿನ ಹುಡುಗನಿಗೂ ಅದೇ, ಇಂದಿರಾನಗರದ ಹುಡುಗನಿಗೂ ಅದೇ. ಯಾರು ಎಲ್ಲಿಂದ ಬಂದರು ಅನ್ನೋದು ಬಟ್ಟೆಯಲ್ಲಿ ಅಷ್ಟಾಗಿ ಕಾಣುತ್ತಿರಲಿಲ್ಲ. ಈಗ ‘ಏನಾದ್ರೂ ಹಾಕ್ಕೊಂಡು ಬನ್ನಿ’ ಅಂತಾರೆ. ಹಾಗಂದವರ ತಲೆಯಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ, ಬರೆದಿಟ್ಟಿರುವುದಿಲ್ಲ ಅಷ್ಟೇ. ಆ ಏರಿಯಾದಲ್ಲೇ ಬೆಳೆದವರಿಗೆ ಅದು ಕೇಳದೆಯೇ ಗೊತ್ತಿರುತ್ತದೆ. ನಿಮ್ಮಂಥವರು ಊಹೆ ಮಾಡಬೇಕು. ಡ್ರೆಸ್ ಕೋಡ್ ತೆಗೆದುಹಾಕಿದರೆ ಎಲ್ಲರಿಗೂ ಆರಾಮ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ತಮಾಷೆ ನೋಡಿ. ಹವಾಯಿಯಲ್ಲಿ 1960ರ ದಶಕದಲ್ಲಿ ಅಲ್ಲಿನ ಬಟ್ಟೆ ತಯಾರಕರು, ಶುಕ್ರವಾರ ಹೂವಿನ ಶರ್ಟಿನಲ್ಲಿ ಕೆಲಸಕ್ಕೆ ಬರಲು ಬಿಡಿ ಎಂದು ಗಂಟುಬಿದ್ದರು. ಆ ಶುಕ್ರವಾರದ ಸಡಿಲಿಕೆ ಅಮೆರಿಕದ ಬೇರೆ ಕಡೆಗೂ ಹಬ್ಬಿತು. ಆಗ ಮ್ಯಾನೇಜರುಗಳಿಗೆ ನಿಮ್ಮದೇ ಚಿಂತೆ: ಕ್ಯಾಶುವಲ್ ಅಂದರೆ ಎಲ್ಲಿಯವರೆಗೆ? 1992ರಲ್ಲಿ ಜೀನ್ಸ್ ತಯಾರಿಸುವ ಲೀವೈಸ್ ಕಂಪನಿ ಒಂದು ಪುಟ್ಟ ಕೈಪಿಡಿ ಅಚ್ಚು ಹಾಕಿಸಿ ಸುಮಾರು 25,000 ಎಚ್‌ಆರ್ ಮ್ಯಾನೇಜರುಗಳಿಗೆ ಕಳಿಸಿತು. ಸಡಿಲವಾಗಿರೋದು ಹೇಗೆ ಅಂತ ಹೇಳಿಕೊಡೋಕೂ ಒಂದು ಪುಸ್ತಕ! ಅವರದೇ ಡಾಕರ್ಸ್ ಪ್ಯಾಂಟು ಆಮೇಲೆ ಚೆನ್ನಾಗಿ ಓಡಿತು ಅಂತ ಬೇರೆ ಹೇಳಬೇಕಿಲ್ಲ. ನಮ್ಮಲ್ಲಿ ಇನ್ಫೋಸಿಸ್ ವಾರವಿಡೀ ಕ್ಯಾಶುವಲ್ ಬಟ್ಟೆಗೆ ಒಪ್ಪಿದ್ದು 2015ರ ಜೂನ್‌ನಲ್ಲಿ. ಅದಕ್ಕೂ ಮುಂಚೆ ಕಂಪನಿ ಬಸ್ಸಿನಲ್ಲಿ ಕೂತು ಟೈ ಬಿಗಿದುಕೊಂಡ ಒಂದು ತಲೆಮಾರೇ ಇದೆ.

ನನಗೆ ಇಷ್ಟವಾದ ಕಥೆ ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್‌ನದು. ಈಗ ಅದರ ಸಿಇಒ ಆಗಿರುವ ಮೇರಿ ಬಾರಾ ಹಿಂದೆ ಅಲ್ಲಿನ ಎಚ್‌ಆರ್ ಮುಖ್ಯಸ್ಥೆಯಾಗಿದ್ದರು. ಉಡುಪಿನ ಬಗ್ಗೆ ಇದ್ದ ಹತ್ತು ಪುಟದ ನಿಯಮವನ್ನು ತೆಗೆದು, ಸಂದರ್ಭಕ್ಕೆ ತಕ್ಕ ಹಾಗೆ ಬಟ್ಟೆ ಹಾಕಿಕೊಳ್ಳಿ ಅಂತಷ್ಟೇ ಇಟ್ಟರು. ಇಂಗ್ಲಿಷಿನಲ್ಲಿ ಎರಡೇ ಪದ. ಒಬ್ಬ ಹಿರಿಯ ಅಧಿಕಾರಿ ತಕರಾರು ತೆಗೆದರು. ನಮ್ಮ ತಂಡದವರು ಕೆಲವೊಮ್ಮೆ ದಿಢೀರನೆ ಸರ್ಕಾರಿ ಅಧಿಕಾರಿಗಳನ್ನು ನೋಡಬೇಕಾಗುತ್ತೆ, ಜೀನ್ಸಿನಲ್ಲಿ ಹೋಗೋಕಾಗುತ್ತಾ ಅಂತ. ಬಾರಾ ಉತ್ತರ ಕೊಡಲಿಲ್ಲ, ನಿಮ್ಮ ತಂಡದ ಜೊತೆ ಮಾತಾಡಿ ಅಂದರು. ಅವರು ಮಾತಾಡಿಕೊಂಡರು. ಅಧಿಕಾರಿಗಳನ್ನು ನೋಡಬೇಕಾದವರು ಆಫೀಸಿನ ಲಾಕರಿನಲ್ಲಿ ಒಂದು ಒಳ್ಳೆ ಪ್ಯಾಂಟು ಇಟ್ಟುಕೊಳ್ಳೋದು ಅಂತ ತೀರ್ಮಾನವಾಯಿತು. ಮುಗೀತು.

ನೀವೂ ಹಾಗೆ ಕೇಳಬಹುದು, ಅಲ್ವಾ? ಎಚ್‌ಆರ್‌ಗೆ ಒಂದು ಸಾಲು ಬರೆಯಿರಿ: ‘ನಿಮ್ಮಲ್ಲಿ ಟೆಸ್ಟಿಂಗ್ ತಂಡದವರು ಸಾಮಾನ್ಯವಾಗಿ ಏನು ಹಾಕಿಕೊಂಡು ಬರುತ್ತಾರೆ?’ ಇದನ್ನು ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ ಅನ್ನೋ ಭಯ ಬೇಡ. ಸಾಫ್ಟ್‌ವೇರ್ ಎಲ್ಲಿ ಕೈಕೊಡುತ್ತೆ ಅಂತ ಹುಡುಕುವ ಟೆಸ್ಟಿಂಗ್ ಕೆಲಸವೇ ಪ್ರಶ್ನೆ ಕೇಳುವ ಕೆಲಸ. ಕಂಪನಿಯ ಲಿಂಕ್ಡ್‌ಇನ್, ಇನ್‌ಸ್ಟಾಗ್ರಾಮ್ ಪುಟಗಳನ್ನೂ ನೋಡಿ. ಆದರೆ ಅಲ್ಲಿ ಎರಡು ಫೋಟೋ ನಂಬಬೇಡಿ. ಒಂದು, ಸಂಸ್ಥಾಪಕರದ್ದು. ಅವರು ಚಡ್ಡಿ ಹಾಕಿ ಬಂದರೂ ಕೇಳುವವರಿಲ್ಲ, ಕಂಪನಿ ಅವರದು. ಇನ್ನೊಂದು, ದೀಪಾವಳಿಯದೋ ರಾಜ್ಯೋತ್ಸವದ್ದೋ ಫೋಟೋ. ಆವತ್ತು ಎಲ್ಲರೂ ರೇಷ್ಮೆ ಸೀರೆ, ಪಂಚೆಯಲ್ಲಿ ಇರುತ್ತಾರೆ. ಯಾವುದೋ ಮಾಮೂಲಿ ಮಂಗಳವಾರ, ಲ್ಯಾಪ್‌ಟಾಪ್ ಮುಂದೆ ಕೂತ ನಿಮ್ಮ ವಯಸ್ಸಿನವರ ಫೋಟೋ ಹುಡುಕಿ. ಅವರು ಹಾಕಿದ್ದಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋದರೆ ಸಾಕು. ಅವರು ಟೀಶರ್ಟಿನಲ್ಲಿದ್ದರೆ ನಿಮ್ಮದು ಇಸ್ತ್ರಿ ಮಾಡಿದ ಕುರ್ತಾ ಅಥವಾ ಶರ್ಟು. ಮೂರು ಮೆಟ್ಟಿಲು ಹತ್ತಿ ಬ್ಲೇಜರ್ ತನಕ ಹೋಗೋದು ಬೇಡ. ಅದರಲ್ಲೂ ಜೇಬಿನ ಮೇಲೆ ಕಾಲೇಜಿನ ಲಾಂಛನ ಇರುವ ಬ್ಲೇಜರ್ ಆದರೆ ಖಂಡಿತ ಬೇಡ. ಬ್ಯಾಂಕು, ದೊಡ್ಡ ಲಾ ಫರ್ಮು, ಸರ್ಕಾರಿ ಸಂದರ್ಶನ ಆಗಿದ್ದರೆ ಮಾವ ಹೇಳಿದ್ದೇ ಸರಿ.

ನಮ್ಮ ಪತ್ರಿಕೆಯ ಕಚೇರಿಯಲ್ಲೂ ಡ್ರೆಸ್ ಕೋಡ್ ಇಲ್ಲ. ಉಪಸಂಪಾದಕರ ಕೆಲಸಕ್ಕೆ ಬಂದವರನ್ನು ಮಾತಾಡಿಸಲು ನಾನೂ ಮೇಜಿನ ಈಚೆ ಕೂತಿದ್ದೇನೆ. ಯಾರು ಯಾವ ಬಣ್ಣ ಹಾಕಿದ್ದರು ಅಂತ ಸಂಜೆ ಕೇಳಿದರೆ ನೆನಪಿರುವುದಿಲ್ಲ. ನೆನಪಿರೋದು ಎಡವಟ್ಟು ಮಾತ್ರ. ಒಬ್ಬ ಹುಡುಗ ಹೊಚ್ಚ ಹೊಸ ಬ್ಲೇಜರ್‌ನಲ್ಲಿ ಬಂದಿದ್ದ. ತೋಳಿನ ತುದಿಯಲ್ಲಿ ಕಂಪನಿಯ ಲೇಬಲ್ ಹಾಗೇ ಇತ್ತು. ಕೋಟಿನ ಹಿಂದಿನ ಸೀಳು ಸಾಗಿಸುವಾಗ ಬಿಚ್ಚಿಕೊಳ್ಳದಿರಲಿ ಅಂತ ದಾರದಲ್ಲಿ ಅಡ್ಡಡ್ಡ ಹೊಲಿದಿರುತ್ತಾರಲ್ಲ, ಅದನ್ನೂ ಬಿಚ್ಚಿರಲಿಲ್ಲ. ಕುರ್ಚಿಯಲ್ಲಿ ಕೂತ ತಕ್ಷಣ ಕೋಟು ಬೆನ್ನ ಮೇಲೆ ಗುಬ್ಬಿಯಂತೆ ಉಬ್ಬಿತು. (ಎರಡನ್ನೂ ಮನೆಗೆ ತಂದ ಮೇಲೆ ಕತ್ತರಿಸಬೇಕು. ಅಂಗಡಿಯಲ್ಲಿ ಎಷ್ಟೋ ಸಲ ಯಾರೂ ಹೇಳುವುದಿಲ್ಲ.) ಕೇಳಿದ್ದಕ್ಕೆ ಉತ್ತರ ಗೊತ್ತಿತ್ತು ಅವನಿಗೆ. ಆದರೆ ಮಾತಿನ ನಡುನಡುವೆ ತೋಳು ಎಳೆದುಕೊಳ್ಳುತ್ತಲೇ ಇದ್ದ, ಅರ್ಧ ಗಮನ ಅಲ್ಲೇ. ಕೆಲಸ ಕೊಟ್ಟೆವು ಅನ್ನಿ. ಈಗ ಆಫೀಸಿಗೆ ಹವಾಯಿ ಚಪ್ಪಲಿಯಲ್ಲಿ ಬರುತ್ತಾನೆ.

ಆದ್ದರಿಂದ ಅಮ್ಮನಿಗೆ ಸಮಾಧಾನ ಹೇಳಿ, ಹೊಸದು ಬೇಡ. ಹೊಸ ಬಟ್ಟೆ ಎಲ್ಲಿ ಚುಚ್ಚುತ್ತೆ, ಎಲ್ಲಿ ಬಿಗಿಯುತ್ತೆ ಅಂತ ಇಂಟರ್‌ವ್ಯೂ ದಿನವೇ ಗೊತ್ತಾಗಬಾರದು. ಈಗಾಗಲೇ ಒಂದೆರಡು ಸಲ ಒಗೆದು ಮೈಗೆ ಹೊಂದಿಕೊಂಡ ಕುರ್ತಾ ತೆಗೆಯಿರಿ. ಕಂಕುಳಲ್ಲಿ ಹೊಲಿಗೆ ಬಿಟ್ಟಿದೆಯಾ, ಕತ್ತಿನ ಹತ್ತಿರ ಬಣ್ಣ ಹೋಗಿದೆಯಾ ಅಂತ ಬೆಳಕಿನಲ್ಲಿ ನೋಡಿ. ಹಾಕಿಕೊಂಡು ಮನೆಯಲ್ಲೇ ಓಡಾಡಿ. ಸ್ಟಾರ್ಟಪ್‌ಗಳಲ್ಲಿ ವೈಟ್‌ಬೋರ್ಡ್ ಮೇಲೆ ಬರೆಸೋದು ಮಾಮೂಲಿ. ಕೈ ಮೇಲೆತ್ತಿ ಗೋಡೆ ಮೇಲೆ ಬರೆದಂತೆ ಮಾಡಿ, ಕುರ್ತಾದ ಪಕ್ಕದ ಸೀಳು ಎಲ್ಲಿಗೆ ಏರುತ್ತೆ ನೋಡಿಕೊಳ್ಳಿ. ಹಾಗೇ ನೆಲದ ಮೇಲೆ ಕೂತು ಎದ್ದೇಳಿ. ಯಾಕೆ ಅಂದ್ರೆ ಕೆಲವು ಕಡೆ ಕುರ್ಚಿ ಬದಲು ಬೀನ್ ಬ್ಯಾಗ್ ತೋರಿಸುತ್ತಾರೆ. ಅದರಲ್ಲಿ ಕೂರೋದು ಸುಲಭ, ಮರ್ಯಾದೆಯಾಗಿ ಎದ್ದೇಳೋದು ಕಷ್ಟ. ಕುರ್ಚಿ ಇದ್ದರೆ ಕುರ್ಚಿ ಕೇಳಿ. ಇನ್ನೊಂದು, ಎಚ್‌ಎಸ್‌ಆರ್ ಕಡೆ ಎಷ್ಟೋ ಸಣ್ಣ ಕಂಪನಿಗಳು ಮನೆಗಳಲ್ಲೇ ನಡೆಯುತ್ತವೆ. ಬಾಗಿಲಲ್ಲೇ ಷೂ ಬಿಡಿ ಅನ್ನಬಹುದು. ಹೆಬ್ಬೆರಳು ಇಣುಕುವ ಸಾಕ್ಸ್ ಆವತ್ತು ಬೇಡ.

ದಾವಣಗೆರೆಯಿಂದ ರಾತ್ರಿ ಬಸ್ಸು ಹಿಡಿದು ನೇರ ಇಂಟರ್‌ವ್ಯೂಗೆ ಹೋಗುವ ಯೋಚನೆ ಇದ್ದರೆ ಬಿಡಿ. ಹಿಂದಿನ ದಿನವೇ ಗೆಳತಿಯ ಪಿಜಿಗೆ ಬನ್ನಿ. ಅವಳ ಬೀದಿಯಲ್ಲೂ ಇಸ್ತ್ರಿ ಗಾಡಿಯವರು ಒಬ್ಬರು ಇದ್ದೇ ಇರುತ್ತಾರೆ, ಸಂಜೆಯೇ ಕೊಟ್ಟು ತಂದುಬಿಡಿ. ಬಿಟಿಎಂನಿಂದ ಎಚ್‌ಎಸ್‌ಆರ್ ಹತ್ತಿರ, ಆದರೆ ನಡುವೆ ಸಿಲ್ಕ್ ಬೋರ್ಡ್ ಇದೆ. ಆ ಜಂಕ್ಷನ್‌ನಲ್ಲಿ ಆಟೋದೊಳಗೆ ಬೆವರುತ್ತಾ ಕೂತರೆ ಯಾವ ಕುರ್ತಾನೂ ಉಳಿಯೋದಿಲ್ಲ. ಜಾಸ್ತಿ ಹೊತ್ತು ಇಟ್ಟುಕೊಂಡೇ ಹೊರಡಿ. ಒಳಗೆ ಹೋದರೆ ಎಸಿ ಚಳಿ, ತೆಳು ಕಾರ್ಡಿಗನ್ ಒಂದು ಬ್ಯಾಗಿನಲ್ಲಿರಲಿ. ಮೊದಲ ಸುತ್ತು ವಿಡಿಯೊದಲ್ಲಿ ಇದ್ದರೆ ಸಣ್ಣ ಸಣ್ಣ ಗೆರೆ, ಚೌಕಳಿ ಬೇಡ, ಕ್ಯಾಮೆರಾದಲ್ಲಿ ಅವು ಅಲೆಅಲೆಯಾಗಿ ಕುಣಿಯುತ್ತವೆ. ಗಾಜಿನ ಬಳೆ ಹಾಕುವವರಾದರೆ ಆವತ್ತು ತೆಗೆದಿಡಿ, ಮೇಜಿಗೆ ತಾಗಿ ಸದ್ದಾಗುತ್ತೆ. ಬೊಟ್ಟು, ಓಲೆ ದಿನಾ ಇರುವಂತೆಯೇ ಇರಲಿ.

ಊರಿಂದ ಬಂದವಳು ಅಂತ ಗೊತ್ತಾಗಿಬಿಡುತ್ತಾ ಅಂತ ಕೇಳಿದ್ದೀರಿ. ನಿಮ್ಮ ರೆಸ್ಯೂಮೆಯಲ್ಲೇ ದಾವಣಗೆರೆ ಅಂತ ಇದೆಯಲ್ಲ! ಅದನ್ನು ಓದಿಯೇ ಕರೆದಿದ್ದಾರೆ. ಕುರ್ತಾ ಹಾಕಿದವರು ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದನ್ನು ನೋಡಿ ಯಾರೂ ಊರು ಹೇಳೋಕಾಗಲ್ಲ. ಹೇಳಿದರೂ ಏನೀಗ?

ಇನ್ನು, ಎಲ್ಲರೂ ಬೇರೆ ತರ ಇದ್ದರೆ ಏನೂ ಮಾಡಬೇಡಿ. ‘ಸಾರಿ, ನಂಗೆ ಗೊತ್ತಿರಲಿಲ್ಲ’ ಅಂತ ಬಟ್ಟೆಯ ಬಗ್ಗೆ ಶುರು ಮಾಡಿದರೆ, ಅಲ್ಲಿಯವರೆಗೆ ಗಮನಿಸದವರೂ ಗಮನಿಸುತ್ತಾರೆ. ಬಟ್ಟೆಯ ಚಿಂತೆಗೆ ಇಟ್ಟ ಸಮಯದಲ್ಲಿ ಸ್ವಲ್ಪ ಉಳಿಸಿ, ಆ ಕಂಪನಿಯ ಆ್ಯಪ್ ಇದ್ದರೆ ಫೋನಿಗೆ ಇಳಿಸಿಕೊಳ್ಳಿ. ನೆಟ್ ಆಫ್ ಮಾಡಿ ಬಳಸಿ. ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ. ಫೋನ್ ನಂಬರ್ ಇರಬೇಕಾದ ಕಡೆ ಒಂದಂಕಿ ಕಮ್ಮಿ ಹಾಕಿ ಏನಾಗುತ್ತೆ ನೋಡಿ. ಎಲ್ಲಾದರೂ ಕೈಕೊಟ್ಟರೆ ಸ್ಕ್ರೀನ್‌ಶಾಟ್ ತೆಗೆದು, ಹೇಗೆ ಬಂತು ಅಂತ ಎರಡು ಸಾಲು ಬರೆದುಕೊಂಡು ಹೋಗಿ.