ಮೋಟಾರ್‌ಗೆ ಮೊಬೈಲ್ ಸ್ಟಾರ್ಟರ್: 2ಜಿ ತಗೊಳ್ಳೋದಾ, 4ಜಿ ತಗೊಳ್ಳೋದಾ?

ನೀವು ಕೇಳಿದ್ದು ಇಷ್ಟು. ತಿ. ನರಸೀಪುರದ ಕಡೆ ಕಬ್ಬಿನ ಜಮೀನಿದೆ, ಮೋಟಾರ್‌ಗೆ ಮೊಬೈಲ್ ಸ್ಟಾರ್ಟರ್ (ಸಿಮ್ ಹಾಕಿ ಫೋನಿನಿಂದಲೇ ಮೋಟಾರ್ ಆನ್-ಆಫ್ ಮಾಡುವ ಪೆಟ್ಟಿಗೆ) ಹಾಕಿಸಬೇಕು. 2ಜಿದು ಅಗ್ಗ, 4ಜಿದಕ್ಕೆ ಜಾಸ್ತಿ ದುಡ್ಡು. ನಾಳೆ 2ಜಿ ನಿಂತುಹೋದರೆ ಏನು ಗತಿ? ಈ ‘ಜಿ’ಗಳು ಯಾಕೆ ಬದಲಾಗುತ್ತಲೇ ಇರುತ್ತವೆ?

ನಾನು ಮಂಡ್ಯ ಸುತ್ತಮುತ್ತ ಪಂಪ್‌ಸೆಟ್‌ಗಳ ಪ್ಯಾನೆಲ್ ಬೋರ್ಡ್ ಕೆಲಸ ಮಾಡುವವನು. ಉತ್ತರ ಮೊದಲೇ ಹೇಳಿಬಿಡುತ್ತೇನೆ. 4ಜಿದೇ ತಗೊಳ್ಳಿ, ಆದರೆ 4ಜಿ ಸಿಗದಾಗ 2ಜಿಗೂ ಇಳಿಯುವಂಥದ್ದು. ವೇಗಕ್ಕೋಸ್ಕರ ಅಲ್ಲ. ಮೋಟಾರ್ ಆನ್ ಮಾಡು, ಆಫ್ ಮಾಡು, ಮೂರು ಫೇಸೂ ಇದೆಯಾ ಹೇಳು, ಇದಕ್ಕೆ 2ಜಿ ವೇಗವೇ ಬೇಕಾದಷ್ಟಾಯಿತು. ನೋಡಬೇಕಾದದ್ದು ಆ ಪೆಟ್ಟಿಗೆ ಯಾವ ಸ್ಟ್ಯಾಂಡರ್ಡ್ ಪ್ರಕಾರ ಟವರ್ ಜೊತೆ ಮಾತಾಡುತ್ತದೆ, ಆ ಸ್ಟ್ಯಾಂಡರ್ಡ್ ಇನ್ನೆಷ್ಟು ವರ್ಷ ನಡೆಯುತ್ತದೆ ಅನ್ನೋದನ್ನ.

ಒಂದೊಂದು ‘ಜಿ’ಯೂ ಇರುವಷ್ಟು ರೇಡಿಯೋ ತರಂಗವನ್ನು ಎಲ್ಲರೂ ಹೇಗೆ ಹಂಚಿಕೊಳ್ಳಬೇಕು ಅನ್ನುವ ಒಪ್ಪಂದ. ಯುರೋಪಿನಲ್ಲಿ ಮೊದಲು ದೇಶಕ್ಕೊಂದು ಪದ್ಧತಿ ಇತ್ತು. ಗಡಿ ದಾಟಿದರೆ ಫೋನ್ ಸತ್ತ ಹಾಗೆ. ಇದು ಸಾಕಾಗಿ 1987ರಲ್ಲಿ 13 ದೇಶಗಳವರು ಒಂದೇ ಪದ್ಧತಿಗೆ ಸಹಿ ಹಾಕಿದರು. ಅದೇ ಜಿಎಸ್‌ಎಂ, ನಮ್ಮ 2ಜಿ. 1991ರಲ್ಲಿ ಫಿನ್‌ಲ್ಯಾಂಡ್‌ನಲ್ಲಿ ಅದರ ಮೊದಲ ಕರೆ ಆಯಿತು. ಭಾರತದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು, ಕೋಲ್ಕತ್ತಾದಿಂದ ದೆಹಲಿಗೆ.

ಜಿಎಸ್‌ಎಂ ಹಂಚಿಕೆ ನಮಗೆ ಸುಲಭವಾಗಿ ಅರ್ಥ ಆಗುತ್ತದೆ. ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಕಟ್ಟು ಪದ್ಧತಿ ಮೇಲೆ, ಅಂದರೆ ಸರದಿ ಪ್ರಕಾರ, ನೀರು ಬಿಡುತ್ತಾರಲ್ಲ, ಹಾಗೆಯೇ. 200 ಕಿಲೋಹರ್ಟ್ಸ್ ಅಗಲದ ಒಂದು ಚಾನೆಲ್, ಅದರಲ್ಲಿ ಎಂಟು ಸರದಿ. ಒಂದೊಂದು ಸರದಿ ಸುಮಾರು 0.577 ಮಿಲಿಸೆಕೆಂಡ್. ನಿಮ್ಮ ಫೋನ್ ತನ್ನ ಸರದಿಯಲ್ಲಿ ಮಾತ್ರ ತರಂಗ ಬಿಟ್ಟು ಸುಮ್ಮನಾಗುತ್ತದೆ, ಸೆಕೆಂಡಿಗೆ ಸುಮಾರು 217 ಸಲ. ಹಿಂದೆ ರೇಡಿಯೋ ಪಕ್ಕ ಫೋನ್ ಇಟ್ಟರೆ ಕರೆ ಬರುವ ಮುಂಚೆ ‘ಟಿಟಿಟ್ ಟಿಟಿಟ್’ ಅಂತ ಸದ್ದು ಬರುತ್ತಿತ್ತು, ನೆನಪಿದೆಯಾ? ಈ ಬಿಟ್ಟು ಬಿಟ್ಟು ಬರುವ ತರಂಗವೇ ಸ್ಪೀಕರ್‌ನಲ್ಲಿ ಕೇಳುತ್ತಿದ್ದದ್ದು. ಈಗಲೂ 2ಜಿ ಸ್ಟಾರ್ಟರ್ ಇರುವ ಮೋಟಾರ್ ಮನೆಯಲ್ಲಿ ಚಿಕ್ಕ ರೇಡಿಯೋ ಇಟ್ಟು ನೋಡಿ, ಕೇಳಿಸುತ್ತದೆ.

3ಜಿಯಲ್ಲಿ ಸರದಿ ಹೋಯಿತು. ಎಲ್ಲರೂ ಒಟ್ಟಿಗೆ, ಒಂದೇ 5 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ. ಯಾರ ಮಾತು ಯಾರದು ಅಂತ ಬೇರೆ ಮಾಡುವುದು ಪ್ರತಿ ಫೋನಿಗೂ ಕೊಟ್ಟ ಬೇರೆ ಬೇರೆ ಕೋಡ್. ಜನ ಜಾಸ್ತಿಯಾದರೆ ಟವರ್ ವ್ಯಾಪ್ತಿಯೇ ಕುಗ್ಗುತ್ತಿತ್ತು. ಸಂಜೆ ಹೊತ್ತು ಊರಾಚೆ ಮನೆಗಳಲ್ಲಿ ಸಿಗ್ನಲ್ ಕಡ್ಡಿ ಕಮ್ಮಿಯಾಗುತ್ತಿದ್ದುದಕ್ಕೆ ಇದೂ ಒಂದು ಕಾರಣ. 4ಜಿ ಬಂದು ಚಾನೆಲ್ಲನ್ನು 15 ಕಿಲೋಹರ್ಟ್ಸ್‌ನ ನೂರಾರು ಸಣ್ಣ ಎಳೆಗಳಾಗಿ ಸೀಳಿತು. ಯಾರಿಗೆ ಎಷ್ಟು ಎಳೆ ಬೇಕೋ ಅಷ್ಟನ್ನು ಟವರ್ ಆ ಕ್ಷಣದಲ್ಲೇ ಹಂಚುತ್ತದೆ.

ನಿಮ್ಮ ‘ಏನು ಗತಿ’ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ತರಂಗ ಹೊಸದಾಗಿ ಹುಟ್ಟುವುದಿಲ್ಲ. ಹೊಸ ಪದ್ಧತಿಗೆ ಜಾಗ ಬೇಕಾದರೆ ಹಳೆಯದನ್ನು ಖಾಲಿ ಮಾಡಿಸಬೇಕು. ಮೊದಲು ಹೋದದ್ದು 2ಜಿ ಅಲ್ಲ, ಅದರ ತಮ್ಮ 3ಜಿ. ಏರ್‌ಟೆಲ್ 2019ರಲ್ಲಿ ಕೋಲ್ಕತ್ತಾದಿಂದ ಶುರು ಮಾಡಿ 2020ರ ಹೊತ್ತಿಗೆ 3ಜಿ ಮುಚ್ಚಿತು. ಇಂಟರ್ನೆಟ್‌ಗೆ 4ಜಿ ಮೇಲು, ಮಾತಿಗೆ ಕೀಪ್ಯಾಡ್ ಫೋನಿನವರು 2ಜಿಯಲ್ಲೇ ಇದ್ದರು. ನಡುವಿನದಕ್ಕೆ ಕೆಲಸ ಉಳಿಯಲಿಲ್ಲ. ಆದ್ದರಿಂದ ಯಾರಾದರೂ ‘3ಜಿ ಸ್ಟಾರ್ಟರ್ ಕಮ್ಮಿಗೆ ಕೊಡ್ತೀನಿ’ ಅಂದರೆ ಮುಟ್ಟಬೇಡಿ. 2ಜಿಯೂ ಒಂದು ದಿನ ಹೋಗುತ್ತದೆ. ಮೋಟಾರ್ ಹತ್ತಾರು ವರ್ಷ ಓಡುತ್ತದೆ. ಅದರ ಪಕ್ಕದ ಪೆಟ್ಟಿಗೆಯೂ ಅಷ್ಟು ಬಾಳಲಿ ಅಲ್ವಾ?

ಜಿಯೋ ಶುರುವಾದದ್ದೇ 2016ರಲ್ಲಿ, 4ಜಿ ಮೇಲೆ. ಅವರಿಗೆ 2ಜಿ ಜಾಲವೇ ಇಲ್ಲ. 2ಜಿ ಸ್ಟಾರ್ಟರ್‌ಗೆ ಆ ಸಿಮ್ ಹಾಕಿದರೆ ಏನೂ ಆಗುವುದಿಲ್ಲ, ಪೆಟ್ಟಿಗೆ ಕೆಟ್ಟಿದೆ ಅಂತ ಜನ ವಾಪಸ್ ತರುತ್ತಾರೆ. ಇನ್ನೊಂದು ವಿಷಯ, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. 4ಜಿಯಲ್ಲಿ ಮಾತಿಗೆ ಬೇರೆ ದಾರಿ ಇಲ್ಲ, ಮಾತೂ ಡೇಟಾ ಆಗಿಯೇ ಹೋಗಬೇಕು. ಅದಕ್ಕೆ ವೋಲ್ಟಿ ಅಂತಾರೆ. ಫೋನ್ ಮಾಡಿ ನಂಬರ್ ಒತ್ತಿ ಮೋಟಾರ್ ಆನ್ ಮಾಡುವ ಪದ್ಧತಿ ನಿಮಗೆ ಬೇಕಿದ್ದರೆ ಸ್ಟಾರ್ಟರ್‌ನಲ್ಲಿ ವೋಲ್ಟಿ ಇರಲೇಬೇಕು. ಇಲ್ಲದಿದ್ದರೆ ಕರೆಗೋಸ್ಕರ ಅದು 2ಜಿಗೆ ಇಳಿಯಬೇಕು. ಜಿಯೋ ಸಿಮ್ ಇದ್ದರೆ ಇಳಿಯಲು ಜಾಗವೇ ಇಲ್ಲ.

ಮೆಸೇಜ್ ವಿಷಯವೂ ಹೇಳಿಬಿಡುತ್ತೇನೆ. ಒಂದು ಎಸ್ಎಂಎಸ್‌ನಲ್ಲಿ ಇರುವುದು 140 ಬೈಟ್ ಜಾಗ. ಇಂಗ್ಲಿಷಾದರೆ 160 ಅಕ್ಷರ ಹಿಡಿಯುತ್ತದೆ. ಕನ್ನಡವಾದರೆ ಬರೀ 70, ಅದರಲ್ಲೂ ಗುಣಿತಕ್ಕೆ, ಒತ್ತಿಗೆ ಬೇರೆ ಬೇರೆ ಲೆಕ್ಕ. ಸ್ಟಾರ್ಟರ್‌ನಲ್ಲಿ ಕನ್ನಡ ಮೆಸೇಜ್ ಇಟ್ಟುಕೊಳ್ಳಿ, ಮನೆಯಲ್ಲಿ ಎಲ್ಲರಿಗೂ ಓದಲು ಬರಬೇಕಲ್ಲ. ಆದರೆ ಚಿಕ್ಕದಾಗಿರಲಿ. ಉದ್ದವಾದರೆ ಎರಡು ಮೆಸೇಜಿನ ದುಡ್ಡು.

ಇನ್ನು ಕಬ್ಬು. ತರಂಗದ ಫ್ರೀಕ್ವೆನ್ಸಿ ಕಮ್ಮಿ ಇದ್ದಷ್ಟೂ ದೂರ ಹೋಗುತ್ತದೆ, ಎಲೆ ದಾಟುತ್ತದೆ. 850, 900 ಮೆಗಾಹರ್ಟ್ಸ್ ಪರವಾಗಿಲ್ಲ. 2300 ಬಂದರೆ ಆಳೆತ್ತರ ಬೆಳೆದ, ನೀರು ತುಂಬಿದ ಕಬ್ಬು ಅದನ್ನು ಹೀರಿಕೊಳ್ಳುತ್ತದೆ. ನಾಟಿ ಮಾಡಿದಾಗ ನಾಲ್ಕು ಕಡ್ಡಿ ಇದ್ದ ಜಾಗದಲ್ಲಿ ಕಟಾವಿನ ಹೊತ್ತಿಗೆ ಒಂದೂ ಇರುವುದಿಲ್ಲ. ಗಿರಾಕಿಗಳು ಸಿಮ್ ಬದಲಾಯಿಸುತ್ತಾರೆ. ಬದಲಾಯಿಸಬೇಕಾದದ್ದು ಆಂಟೆನಾ ಜಾಗ. ಅದನ್ನು ತಗಡಿನ ಪೆಟ್ಟಿಗೆಯಿಂದ ಹೊರಗೆ ತಂದು, ಪೈಪಿಗೆ ಕಟ್ಟಿ, ಬೆಳೆಯ ತುದಿಗಿಂತ ಮೇಲೆ ಇಡಿ. ಕೇಬಲ್ ಆದಷ್ಟು ಗಿಡ್ಡ ಇರಲಿ, ಉದ್ದದ ಕೇಬಲ್ಲೇ ಅರ್ಧ ಸಿಗ್ನಲ್ ತಿನ್ನುತ್ತದೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದಾಗ, ಚಿರತೆ ಓಡಾಡುವ ಗದ್ದೆಗೆ ಟಾರ್ಚ್ ಹಿಡಿದು ಯಾರೂ ಹೋಗಬಾರದು. ಆ ಒಂದು ಕಾರಣಕ್ಕೇ ಈ ಕೆಲಸ ಅಚ್ಚುಕಟ್ಟಾಗಿ ಆಗಬೇಕು ಅಂತ ನನ್ನ ಹಟ.

5ಜಿ ನಮ್ಮ ದೇಶಕ್ಕೆ 2022ರ ಅಕ್ಟೋಬರ್ 1ರಂದು ಬಂತು. ಸ್ಟಾರ್ಟರ್‌ಗೆ ಅದು ಈಗ ಬೇಡ. ಆದರೆ ಅದರಲ್ಲಿ ನನಗೆ ತುಂಬಾ ಖುಷಿ ಕೊಟ್ಟ ವಿಷಯ ಒಂದಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 5ಜಿಗೆ ಪರೀಕ್ಷೆಗಳನ್ನು ಬರೆಯುವಾಗ, ಹಳ್ಳಿಯಲ್ಲಿ ಟವರ್‌ಗಳ ನಡುವೆ ಸುಮಾರು 1.7 ಕಿ.ಮೀ. ದೂರ ಅಂತ ಲೆಕ್ಕ ಇತ್ತು. ನಮ್ಮ ಹಳ್ಳಿಗಳಲ್ಲಿ ಅಷ್ಟು ಹತ್ತಿರ ಟವರ್ ಎಲ್ಲಿದೆ? ಭಾರತದವರು ಪಟ್ಟು ಹಿಡಿದು 6 ಕಿ.ಮೀ. ದೂರದ ಪರೀಕ್ಷೆಯನ್ನೂ ಸೇರಿಸಿದರು. ಅದಕ್ಕೆ ಐಐಟಿ ಹೈದರಾಬಾದ್, ಐಐಟಿ ಮದ್ರಾಸ್‌ನವರು ಸೇರಿ ಮಾಡಿದ 5ಜಿಐ ಅನ್ನುವ ನಮ್ಮದೇ 5ಜಿ ಪದ್ಧತಿಯ ಕೆಲಸ ಮುಂದೆ ವಿಶ್ವದ ಸ್ಟ್ಯಾಂಡರ್ಡ್‌ನಲ್ಲೇ ಬೆರೆಯಿತು. ಸ್ಟ್ಯಾಂಡರ್ಡ್ ಬರೆಯುವ ಮೇಜಿನ ಹತ್ತಿರ ನಮ್ಮವರು ಕೂತರೆ ನಮ್ಮ ಊರಿನ ದೂರವೂ ಲೆಕ್ಕಕ್ಕೆ ಬರುತ್ತದೆ.

ಯಾವ ಸಿಮ್ಮಿಗೂ ಟವರ್ ಸಿಗದ ಜಾಗವಾದರೆ ಲೋರಾ ಅನ್ನುವ ಪದ್ಧತಿ ನೋಡಿ. 865 ಮೆಗಾಹರ್ಟ್ಸ್ ಸುಮಾರಿನಲ್ಲಿ ಕೆಲಸ ಮಾಡುತ್ತದೆ. ಸಿಮ್ ಬೇಡ, ಲೈಸೆನ್ಸ್ ಬೇಡ. ಮನೆ ಮೇಲೊಂದು, ಮೋಟಾರ್ ಹತ್ತಿರ ಒಂದು ಪೆಟ್ಟಿಗೆ ಇಟ್ಟರೆ ಬಯಲಿನಲ್ಲಿ ಒಂದೆರಡು ಕಿ.ಮೀ. ಆರಾಮಾಗಿ ಮುಟ್ಟುತ್ತದೆ.

ದುಡ್ಡು ಕೊಡುವ ಮುಂಚೆ ನಿಮ್ಮ ಸಿಮ್ಮನ್ನೇ ಹಾಕಿಸಿ, ನಿಮ್ಮ ಗದ್ದೆಯಲ್ಲೇ ಕರೆ ಮಾಡಿ ನೋಡಿ. ಮೋಟಾರ್ ಎಷ್ಟು ಎಚ್‌ಪಿ, ಮನೆಯಿಂದ ಎಷ್ಟು ದೂರ, ಅಲ್ಲಿ ಯಾವ ಸಿಮ್ಮಿಗೆ ಎಷ್ಟು ಕಡ್ಡಿ ಬರುತ್ತದೆ, ಕೆಳಗೆ ಬರೆಯಿರಿ. ಯಾವ ಥರದ್ದು ಹೊಂದುತ್ತದೆ ಅಂತ ಹೇಳುತ್ತೇನೆ.